ಹೊರಗೆ ಜೀಪು, ಒಳಗೆ ಆಟಿಕೆ

ಮನೆಯಲ್ಲೇ ಕಟ್ಟಿದ ರಿಮೋಟ್ ಟ್ರಕ್ಕನ್ನು ಟೀಪಾಯಿಯ ಮೇಲೆ ಇಟ್ಟರೆ ಬಂದವರೆಲ್ಲ ಹೊಗಳುವುದು ಅದರ ಹೊರಮೈಯನ್ನು. ಬಾನೆಟ್ಟಿಗೆ ಬಳಿದ ತುಕ್ಕಿನ ಬಣ್ಣ, ಟಾಪಿನ ಮೇಲಿನ ಪುಟ್ಟ ಕ್ಯಾರಿಯರ್, ಬೆರಳುದ್ದದ ಜೆರಿಕ್ಯಾನು, ಹಿಂದೆ ತೂಗುವ ಸ್ಟೆಪ್ನಿ. ಕಟ್ಟುವವರಿಗೂ ಇದು ಗೊತ್ತು. ಹಾಗಾಗಿ ಭಾನುವಾರಗಳೆಲ್ಲ ಬಣ್ಣಕ್ಕೂ ಅಲಂಕಾರಕ್ಕೂ ಹೋಗಿರುತ್ತವೆ. ಅಡಿಯ ಯಂತ್ರಭಾಗ ಸಿಕ್ಕಿದ್ದನ್ನು ಸಿಕ್ಕ ಹಾಗೆ ಜೋಡಿಸಿ ಮುಗಿದಿರುತ್ತದೆ. ಅದನ್ನೇ ಕೆಳಗಿಳಿಸಿ ಜಲ್ಲಿ ರಾಶಿಯ ಮೇಲೆ ಬಿಟ್ಟರೆ ಬಣ್ಣ ನಿಲ್ಲುತ್ತದೆ, ಟ್ರಕ್ಕು ಮಗುಚುತ್ತದೆ. ಈ ಹವ್ಯಾಸವನ್ನು ಮೆಚ್ಚಿಕೊಂಡೇ ನನ್ನ ತಕರಾರು ಹೇಳುತ್ತೇನೆ: ಆಫ್‌ರೋಡ್ ಟ್ರಕ್ಕಿನ ಯೋಗ್ಯತೆ ಗೊತ್ತಾಗುವುದು ಅದು ಎಷ್ಟು ನಿಧಾನವಾಗಿ, ಎಷ್ಟು ಹಿಡಿತದಿಂದ ಕಲ್ಲು ಹತ್ತುತ್ತದೆ ಎಂಬುದರಲ್ಲಿ. ನಾವು ಅಂಕ ಕೊಡುತ್ತಿರುವುದು ಬೇರೆಯದಕ್ಕೆ.

ಈ ಯಂತ್ರದ ಹಿರಿಯರು ಅಂಕ ಎಲ್ಲಿಟ್ಟಿದ್ದರು ನೋಡಿ. ಜಪಾನಿನ ತಮಿಯಾ ಕಂಪನಿ 1981ರಲ್ಲಿ ಟೊಯೊಟಾ ಪಿಕಪ್ಪಿನ ಕಿಟ್ ತಂದಾಗ ಅದರೊಳಗೆ ಮೂರು ಸ್ಪೀಡಿನ ಗೇರ್ ಬಾಕ್ಸೂ ಲೀಫ್ ಸ್ಪ್ರಿಂಗೂ ಇದ್ದವು. ಅಮೆರಿಕದ ಟ್ರ್ಯಾಕ್ಸಸ್ 2017ರಲ್ಲಿ ತಂದ ಟಿಆರ್‌ಎಕ್ಸ್-4ರಲ್ಲಿ ಪೋರ್ಟಲ್ ಆಕ್ಸಲ್, ರಿಮೋಟಿನಿಂದಲೇ ಲಾಕ್ ಆಗುವ ಡಿಫರೆನ್ಷಿಯಲ್ ಬಂದವು. ಎರಡರಲ್ಲೂ ಬುದ್ಧಿ ಖರ್ಚಾಗಿದ್ದು ಅಡಿಭಾಗಕ್ಕೆ. ಅವನ್ನು ಇಲ್ಲಿ ಕೊಳ್ಳೋಣವೆಂದರೆ ಬೆಲೆ ಅಡ್ಡ ಬರುತ್ತದೆ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಮನೆಯಲ್ಲೇ ಕಟ್ಟುವುದಕ್ಕೆ ಶೋಕಿಯ ಜೊತೆಗೆ ಲೆಕ್ಕಾಚಾರದ ಕಾರಣವೂ ಇದೆ.

ಬೆಂಗಳೂರಿನ ಮತ್ತಿಕೆರೆಗೆ ಇದು ಒಗ್ಗುವ ಕೆಲಸ. ಪಕ್ಕದ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಫಿಟ್ಟರ್, ಟರ್ನರ್ ಆಗಿ ನಿವೃತ್ತರಾದವರ ಮನೆಗಳಲ್ಲಿ ಇಂದಿಗೂ ಒಂದು ವೈಸು, ನಾಲ್ಕು ಅರ, ಒಂದು ವರ್ನಿಯರ್ ಸಿಗುತ್ತವೆ. ಗೇರು ಕೊರೆಸಬೇಕೆಂದರೆ ಪೀಣ್ಯದ ಲೇತ್ ಶಾಪುಗಳು ದೂರವಿಲ್ಲ. ರಿಸೀವರ್, ಸರ್ವೊ, ಬ್ಯಾಟರಿಗೆ ಎಸ್‌ಪಿ ರಸ್ತೆ. ಇಷ್ಟು ಕೈಗೆಟಕುವ ಊರಿನಲ್ಲಿ ಬರೀ ಬಾಡಿಗೆ ಬಣ್ಣ ಬಳಿದು ತೃಪ್ತರಾಗುವುದು ಸಲ್ಲದು.

ನಿಧಾನವೇ ಯಾಕೆ? ಹತ್ತರಲ್ಲಿ ಒಂದು ಅಳತೆಗೆ ಇಳಿಸಿದಾಗ ಉದ್ದ ಹತ್ತು ಪಟ್ಟು ಕುಗ್ಗುತ್ತದೆ, ತೂಕ ಸಾವಿರ ಪಟ್ಟು. 2000 ಕೆಜಿಯ ಜೀಪು ಲೆಕ್ಕದಂತೆ 2 ಕೆಜಿ ಆಗಬೇಕು. ಗುರುತ್ವ ಮಾತ್ರ ಕುಗ್ಗುವುದಿಲ್ಲ. ಹತ್ತು ಪಟ್ಟು ಕಡಿಮೆ ಎತ್ತರದಿಂದ ಬೀಳಲು ಹಿಡಿಯುವ ಹೊತ್ತು ಸುಮಾರು ಮೂರರಲ್ಲಿ ಒಂದು ಪಾಲು. ಪುಟ್ಟ ಟ್ರಕ್ಕು ಉರುಳಿದರೆ ಆಟಿಕೆಯಂತೆ ಪಲ್ಟಿ ಹೊಡೆಯುವುದು ಇದರಿಂದಲೇ. ಸಿನಿಮಾದವರು ಪುಟಾಣಿ ಮಾದರಿಗಳನ್ನು ಹೆಚ್ಚು ಫ್ರೇಮಿನಲ್ಲಿ ಚಿತ್ರಿಸಿ ನಿಧಾನಗೊಳಿಸುವುದು ಇದೇ ಲೆಕ್ಕದ ಮೇಲೆ. ನಮಗೆ ಆ ಅನುಕೂಲವಿಲ್ಲ. ಘಾಟಿಯಲ್ಲಿ ಗಂಟೆಗೆ 10 ಕಿಮೀ ವೇಗದಲ್ಲಿ ಏರುವ ಜೀಪಿನ ಗತ್ತು ಮಾದರಿಯಲ್ಲಿ ಬರಬೇಕಾದರೆ ಅದು 3 ಕಿಮೀ ಆಸುಪಾಸಿನಲ್ಲಿ, ಅಂದರೆ ನಡೆಯುವವರಿಗಿಂತ ನಿಧಾನವಾಗಿ, ಹತ್ತಬೇಕು.

ಮನೆಯ ಟ್ರಕ್ಕುಗಳು ಎಡವುವುದು ಇಲ್ಲೇ. ಸಾಮಾನ್ಯ 540 ಮೋಟರು 7.2 ವೋಲ್ಟಿನಲ್ಲಿ ಹೊರೆಯಿಲ್ಲದೆ ನಿಮಿಷಕ್ಕೆ 15,000 ಸುತ್ತಿನ ಆಸುಪಾಸು ತಿರುಗುತ್ತದೆ. ಗೇರುಗಳು ಅದನ್ನು 40 ಪಟ್ಟು ಇಳಿಸಿದರೆ ಚಕ್ರಕ್ಕೆ 375 ಸುತ್ತು. 115 ಮಿಮೀ ವ್ಯಾಸದ ಟೈರಿಗೆ ಇದು ಗಂಟೆಗೆ 8 ಕಿಮೀ. ಜಲ್ಲಿಯ ಮೇಲೆ ಇದು ಹುಚ್ಚು ವೇಗ. ಪರಿಹಾರ ಎರಡು: ಇನ್ನೊಂದು ಹಂತದ ಗೇರು ಸೇರಿಸಿ ಇಳಿತವನ್ನು ಇಮ್ಮಡಿ ಮಾಡುವುದು; ಇಲ್ಲವೇ ಒಳಗೆ 27 ಸುತ್ತು ತಂತಿಯಿರುವ ಮೋಟರಿನ ಬದಲು 55 ಸುತ್ತಿನದು ಹಾಕುವುದು. ತಂತಿಯ ಸುತ್ತು ಹೆಚ್ಚಿದಷ್ಟೂ ವೇಗ ಇಳಿಯುತ್ತದೆ, ಅದೇ ಕರೆಂಟಿಗೆ ಸಿಗುವ ಬಲ ಏರುತ್ತದೆ. ಎರಡನ್ನೂ ಬಿಟ್ಟು, ಹತ್ತುತ್ತಿಲ್ಲವೆಂದು ಇನ್ನೂ ಜೋರಿನ ಮೋಟರು ತರುವುದು ಈ ಹವ್ಯಾಸದ ಅತಿ ಸಾಮಾನ್ಯ, ಅತಿ ದುಬಾರಿ ರೂಢಿ. ಜೊತೆಗೆ ಸ್ಪೀಡ್ ಕಂಟ್ರೋಲರಿಗೆ ಡ್ರ್ಯಾಗ್ ಬ್ರೇಕ್ ಇರಬೇಕು. ಇಳಿಜಾರಿನಲ್ಲಿ ಟ್ರಿಗರ್ ಬಿಟ್ಟಾಗ ನಿಂತಲ್ಲೇ ನಿಲ್ಲದ ಟ್ರಕ್ಕನ್ನು ನಿಧಾನಿ ಎನ್ನಲಾಗದು.

ಎರಡನೆಯ ಪರೀಕ್ಷೆ ತೂಕದ ಹಂಚಿಕೆ. ಏರುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂಗಾಲು ಹಗುರಾಗುತ್ತದೆ, ಟ್ರಕ್ಕು ಹಿಮ್ಮುಖ ಮಗುಚುತ್ತದೆ. ಸಮನೆಲದಲ್ಲಿ ನಿಂತಾಗಲೇ ಅರ್ಧಕ್ಕಿಂತ ಹೆಚ್ಚು ತೂಕ ಮುಂದಿನ ಆಕ್ಸಲ್ ಮೇಲಿರಲಿ ಎನ್ನುವುದು ಅದಕ್ಕೇ. ಬ್ಯಾಟರಿಯನ್ನು ಹಿಂದಿನ ಟ್ರೇಯಿಂದ ಬಾನೆಟ್ಟಿನ ಕೆಳಗೆ ಸರಿಸಿದರೆ ಅರ್ಧ ಕೆಲಸ ಆದಂತೆ, ಅದಕ್ಕೆ ಕಾಸೂ ಇಲ್ಲ. ಉಳಿದರ್ಧಕ್ಕೆ ಟೈರ್ ಅಂಗಡಿಯವರು ವ್ಹೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ ತೂಕದ ಪಟ್ಟಿಗಳನ್ನು ಮುಂದಿನ ರಿಮ್ಮಿನೊಳಗೆ ಅಂಟಿಸಿದರೆ ಸಾಕು. ಭಾರ ನೆಲದ ಹತ್ತಿರ, ಸ್ಪ್ರಿಂಗುಗಳ ಕೆಳಗೆ ಕೂರುತ್ತದೆ. ಡಿಫರೆನ್ಷಿಯಲ್ಲಿಗೆ ಎಂ-ಸೀಲ್ ತುಂಬಿ ಲಾಕ್ ಮಾಡುವ ಉಪಾಯವನ್ನೂ ಒಪ್ಪುತ್ತೇನೆ. ದೊಡ್ಡ ಗಾಡಿಗಳಲ್ಲಿ ಫೋರ್ಸ್ ಗೂರ್ಖಾಗೂ ಹಿಂದೆ ಮುಂದೆ ಎರಡೂ ಕಡೆ ಲಾಕ್ ಇದೆ. ಆದರೆ ಗೂರ್ಖಾದ ಲಾಕನ್ನು ಬೇಕಾದಾಗ ಬಿಡಿಸಬಹುದು, ಎಂ-ಸೀಲ್ ಶಾಶ್ವತ. ತಿರುವಿನಲ್ಲಿ ಟ್ರಕ್ಕು ಅಗಲ ಬೇಡುತ್ತದೆ, ಆಕ್ಸಲಿನ ಮೇಲೆ ಎಳೆತ ಬೀಳುತ್ತದೆ. ಕಟ್ಟುವವರು ಆ ಬೆಲೆ ತಿಳಿದೇ ತುಂಬಬೇಕು.

ಸಾಮಗ್ರಿಯ ವಿಷಯದಲ್ಲಿ ನಮ್ಮವರ ಜಾಣ್ಮೆಗೆ ಪೂರ್ಣ ಅಂಕ. ಕಿಟಕಿ ಮಾಡುವವರ ಬಳಿ ಉಳಿದ ಅಲ್ಯೂಮಿನಿಯಂ ಆಂಗಲ್ ಚಾಸಿಯಾಗುತ್ತದೆ. ಕೊರೆಯಲು ಸುಲಭ, ಬಾಗಿದರೆ ತಟ್ಟಿ ನೆಟ್ಟಗೆ ಮಾಡಬಹುದು. ಸೈಕಲ್ ಕಡ್ಡಿ ಸ್ಟೀರಿಂಗ್ ಲಿಂಕ್ ಆಗುತ್ತದೆ. 3ಡಿ ಪ್ರಿಂಟರಿನ ಮೇಲೆ ಅತಿಯಾದ ನಂಬಿಕೆ ಮಾತ್ರ ಬೇಡ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಸುಮಾರು 60 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಬಿಸಿಯೇರಿದ ಮೋಟರಿನ ಪಕ್ಕದ ಬ್ರಾಕೆಟ್ಟಿಗೆ ಅದು ಲಾಯಕ್ಕಲ್ಲ. ಟೈರು ಮಾತ್ರ ಮನೆಯಲ್ಲಿ ಆಗುವ ವಸ್ತುವಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಆಟಿಕೆ ಚಕ್ರ ಎಂಥ ಗೇರನ್ನೂ ಸೋಲಿಸುತ್ತದೆ. ಮೆತ್ತನೆಯ ರಬ್ಬರು, ಒಳಗೆ ಫೋಮು, ಗಾಳಿ ಹೊರಹೋಗಲು ಸಣ್ಣ ತೂತು ಇರುವ ಟೈರಿಗೆ ಕೈಬಿಚ್ಚಿ ಖರ್ಚು ಮಾಡುವುದು ನ್ಯಾಯ.

ವಿದ್ಯುತ್ತಿನ ಭಾಗ ಈಗ ಸಲೀಸು. 2.4 ಗಿಗಾಹರ್ಟ್ಸ್ ಬ್ಯಾಂಡಿನ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಿಂದಲೇ ಲೈಸೆನ್ಸ್ ಬೇಕಿಲ್ಲ. ಆದರೂ ಒಂದು ದೌರ್ಬಲ್ಯ ಮತ್ತೆ ಮತ್ತೆ ಕಾಣುತ್ತದೆ. ಚಕ್ರ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಾಗ ಸ್ಟೀರಿಂಗ್ ಸರ್ವೊ ಒಮ್ಮೆಲೇ ಕರೆಂಟು ಎಳೆಯುತ್ತದೆ, ವೋಲ್ಟೇಜು ಕುಸಿಯುತ್ತದೆ, ರಿಸೀವರು ಆರಿಹೋಗುತ್ತದೆ. ರೇಂಜ್ ಸಾಲದೆಂದು ರಿಮೋಟನ್ನು ಬೈಯುವವರೇ ಹೆಚ್ಚು. ಸರ್ವೊಗೆ ಪ್ರತ್ಯೇಕ ರೆಗ್ಯುಲೇಟರ್ ಕೊಟ್ಟರೆ ರೋಗ ಹೋಗುತ್ತದೆ.

ಇನ್ನು ಬಾಡಿ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆಯ್ಕೆಯ ಬಗ್ಗೆ ಜಗಳ. ಮಾರುಕಟ್ಟೆಯಲ್ಲಿ ರೆಡಿ ಸಿಗುವುದು ಡಿಫೆಂಡರ್, ಬ್ರಾಂಕೊ. ಮನೆಯಲ್ಲಿ ಕಟ್ಟುವವರೂ ಅವನ್ನೇ ನಕಲು ಮಾಡುತ್ತಾರೆ. ಅಂಗಡಿಯಲ್ಲಿ ಸಿಗದ್ದನ್ನು ಮಾಡುವ ಸ್ವಾತಂತ್ರ್ಯ ಕೈಯಲ್ಲಿದ್ದೂ ಅಂಗಡಿಯದ್ದನ್ನೇ ಕಷ್ಟಪಟ್ಟು ಮಾಡುವುದರಲ್ಲಿ ಏನು ಸಾಧನೆ? ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ನೋಡಿ. ನಮ್ಮ ನೆಲದ ನಿಜವಾದ ಆಫ್‌ರೋಡ್ ಗಾಡಿ ಅದು. ಅದರ ಬಾನೆಟ್ಟು, ಮಡ್‌ಗಾರ್ಡು, ಬದಿಯ ತಗಡುಗಳು ಬಹುಪಾಲು ಚಪ್ಪಟೆ. ಸನ್‌ಬೋರ್ಡಿನಲ್ಲಿ ಬ್ಲೇಡು ಹಿಡಿದು ಕತ್ತರಿಸಿದರೆ ಬರುತ್ತವೆ. ಟಾಪಿಗೆ ತಗಡಿಲ್ಲ, ಬಟ್ಟೆ ಹೊದಿಸಿದರಾಯಿತು. ಬಟ್ಟೆಯ ಟಾಪು ಎಂದರೆ ಮೇಲ್ಭಾಗ ಹಗುರ, ಮಗುಚುವ ಭಯ ಕಡಿಮೆ. ಲೋಹದ ಕ್ಯಾರಿಯರ್, ಅದರ ಮೇಲೆ ಜೆರಿಕ್ಯಾನು, ಲೈಟುಗಳ ಸಾಲು ಹೊತ್ತ ಡಿಫೆಂಡರ್ ಅದೇ ಏರಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಇಲ್ಲಿ ನಮ್ಮತನದ ಆಯ್ಕೆಯೂ ಯಂತ್ರದ ಹಿತವೂ ಒಂದೇ ದಿಕ್ಕಿಗೆ ತೋರಿಸುತ್ತಿವೆ.

ಕೈಗೆ ಬುದ್ಧಿ ಕಲಿಸುವ ಕೆಲಸವಾಗಿ ಮನೆಯ ಟ್ರಕ್ಕಿಗೆ ಸಾಟಿಯಿಲ್ಲ. ಸನ್ನೆ, ಗೇರು, ಕರೆಂಟು, ಲೋಹ ಎಲ್ಲವೂ ಒಂದೇ ಚಾಸಿಯ ಮೇಲೆ ಪಾಠವಾಗುತ್ತವೆ. ಪ್ರದರ್ಶನದ ವಸ್ತುವಾಗಿ ನೋಡಿದರೆ ಅದು ಕಂಪನಿಯ ಮಾಲಿಗಿಂತ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದರ ಬೆನ್ನು ಹತ್ತುವುದು ನಷ್ಟದ ವ್ಯಾಪಾರ. ಇದನ್ನು ತೂಗಲು ದೊಡ್ಡ ಮೈದಾನ ಬೇಕಿಲ್ಲ. ಮತ್ತಿಕೆರೆಯಲ್ಲಿ ಹೊಸ ಮನೆ ಏಳದ ಬೀದಿ ಕಡಿಮೆ. ಮೇಸ್ತ್ರಿಯನ್ನು ಒಂದು ಮಾತು ಕೇಳಿದರೆ ಜಲ್ಲಿ ರಾಶಿ ಸಿಗುತ್ತದೆ. ಹತ್ತರಲ್ಲಿ ಒಂದರ ಅಳತೆಗೆ 20 ಮಿಮೀ ಜಲ್ಲಿ ಎಂದರೆ 20 ಸೆಂಮೀ ಕಲ್ಲು, ಅಂಗೈಯಗಲದ ಸೈಜುಗಲ್ಲು ಎಂದರೆ ಸೊಂಟದೆತ್ತರದ ಬಂಡೆ. ಮೊದಲು ಬಾಡಿ ಕಳಚಿ ಹತ್ತಿಸಿ, ಆಮೇಲೆ ಬಾಡಿ ಕೂರಿಸಿ ಅದೇ ದಾರಿಯಲ್ಲಿ ಹತ್ತಿಸಿ. ಮೊದಲ ಸಲ ಹತ್ತಿದ್ದು ಎರಡನೆಯ ಸಲ ಹತ್ತದಿದ್ದರೆ ತೆಗೆದುಹಾಕಬೇಕಾದದ್ದು ಯಾವುದೆಂದು ಟ್ರಕ್ಕೇ ಹೇಳಿದಂತಾಯಿತು.