ಕಾರ್ಯಾಗಾರದ ನಗೆ

ಹಾಸ್ಯದ ಮೂಲವು ವಿಕೃತಿಯಲ್ಲಿದೆಯೆಂಬುದು ಭರತನ ನಾಟ್ಯಶಾಸ್ತ್ರದ ಮತ. ವೇಷ, ಮಾತು, ನಡೆಗಳ ಡೊಂಕೇ ನಗೆಯನ್ನು ಹುಟ್ಟಿಸುವುದು. ಈ ಮಾತು ರಂಗಭೂಮಿಗೆಷ್ಟೋ ಸೈನ್ಯದ ವಿಮಾನಗಳನ್ನು ದುರಸ್ತಿಗೊಳಿಸುವ ಶಾಲೆಗಳಿಗೂ ಅಷ್ಟೇ ಸಲ್ಲುತ್ತದೆ. ಅಲ್ಲಿ ಡೊಂಕನ್ನು ಹುಡುಕುವುದೇ ಉದ್ಯೋಗ. ಆ ಕೆಲಸಗಾರರ ನಗೆಯನ್ನು ಗ್ರಾಮ್ಯವೆಂದು ತಳ್ಳಿಹಾಕುವ ಮುನ್ನ ಅದರ ಕಟ್ಟನ್ನೊಮ್ಮೆ ಪರೀಕ್ಷಿಸುವುದು ಲೇಸು.

ಪ್ರತಿಯೊಂದು ವಿಮಾನಕ್ಕೂ ಒಂದು ವಹಿಯುಂಟು. ಹಾರಿ ಇಳಿದ ವೈಮಾನಿಕನು ತಾನು ಕಂಡ ದೋಷವನ್ನು ಅದರಲ್ಲಿ ಬರೆಯಬೇಕು. ಮೆಕ್ಯಾನಿಕನು ತಾನು ಮಾಡಿದ ದುರಸ್ತಿಯನ್ನು ಅದರೆದುರಿಗೆ ಬರೆದು ರುಜು ಹಾಕಬೇಕು. ಇಷ್ಟು ಬಿಗಿಯಾದ ಚೌಕಟ್ಟಿನೊಳಗಿಂದಲೇ, ಹಲವು ವಾಯುಪಡೆಗಳ ಹೆಸರಿನಲ್ಲಿ ಪ್ರಚಾರದಲ್ಲಿರುವ ಒಂದು ಕಥೆ ಹುಟ್ಟಿದೆ. ಗಾಲಿಯ ಟಯರನ್ನು ಬಹುಮಟ್ಟಿಗೆ ಬದಲಿಸಬೇಕಾಗಿದೆಯೆಂದು ವೈಮಾನಿಕನು ಬರೆದನಂತೆ. ಬಹುಮಟ್ಟಿಗೆ ಬದಲಿಸಲಾಗಿದೆಯೆಂದು ಮೆಕ್ಯಾನಿಕನು ಉತ್ತರ ಬರೆದನಂತೆ. ಇಲ್ಲಿ ಬೈಗಳಿಲ್ಲ, ವ್ಯಕ್ತಿನಿಂದೆಯಿಲ್ಲ. ಸಡಿಲವಾದ ಶಬ್ದವೊಂದನ್ನು ಹಿಡಿದು ಅದರ ಒಡೆಯನಿಗೇ ಹಿಂದಿರುಗಿಸಲಾಗಿದೆ. ಆಲಂಕಾರಿಕರು ಇದನ್ನು ವಕ್ರೋಕ್ತಿಯೆನ್ನುವರು. ಸಡಿಲ ತಿರುಪು ಪ್ರಾಣ ತೆಗೆಯುವ ಕಡೆಯಲ್ಲಿ ಸಡಿಲ ಮಾತೂ ದೋಷವೇ ಎಂಬ ಎಚ್ಚರಿಕೆ ಆ ನಗೆಯ ಗರ್ಭದಲ್ಲಿದೆ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯವರು, ಕಾರಣ ತಿಳಿಯದ ಕೇಡುಗಳನ್ನೆಲ್ಲ ‘ಗ್ರೆಮ್ಲಿನ್’ ಎಂಬ ಕುಳ್ಳ ಪಿಶಾಚಿಗಳ ತಲೆಗೆ ಕಟ್ಟಿದರು. ಸ್ವತಃ ವೈಮಾನಿಕನಾಗಿದ್ದ ರೋಲ್ಡ್ ಡಾಲ್ ಅವುಗಳನ್ನು ಕುರಿತು ಬರೆದ ಮಕ್ಕಳ ಪುಸ್ತಕವು 1943ರಲ್ಲಿ ಹೊರಬಂದಿತು. 1940ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಅಮೇರಿಕದ ಯುದ್ಧವಿಮಾನಗಳ ದುರಸ್ತಿಗೆ ಕೇಂದ್ರವಾದುದೂ ಆ ವರ್ಷವೇ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಗ್ರೆಮ್ಲಿನ್ ಕಥೆಗೆ ಒಪ್ಪುವಂತೆ ಕಂಡರೂ ಒಪ್ಪದು. ಪಿಶಾಚಿಯನ್ನು ಹಳಿದವರೇ ಮರುಗಳಿಗೆ ಯಂತ್ರವನ್ನು ಬಿಚ್ಚುತ್ತಿದ್ದರು. ನಗೆ ದಣಿವಿಗೆ ಔಷಧವಾಯಿತಲ್ಲದೆ ಕೆಲಸಕ್ಕೆ ಬದಲಾಗಲಿಲ್ಲ.

ಹಾನಗಲ್ಲು, ಸವಣೂರುಗಳ ಕಮ್ಮಾರನ ಕುಲುಮೆಯ ಬಳಿ ಕುಳಿತವರಿಗೆ ಈ ನಗೆ ಅಪರಿಚಿತವಲ್ಲ. ಹಿರೇಕೆರೂರು ಸೀಮೆಯವನೆಂದು ಪ್ರತೀತಿಯುಳ್ಳ ಸರ್ವಜ್ಞನು ಕಸುಬುಗಳನ್ನು ಒಂದೊಂದಾಗಿ ಕೆಣಕಿದನು. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಸೋರುವ ಮಾಳಿಗೆಯನ್ನು ಕುರಿತು ಹಾಡಿದ ಪದವು ಮೇಲುನೋಟಕ್ಕೆ ದುರಸ್ತಿಯ ದೂರೇ ಸರಿ. ಆದರೆ ಆ ಮನೆ ಹಾಡುವವನದೇ; ಆದುದರಿಂದ ಅಲ್ಲಿಯದು ತನ್ನನ್ನೇ ನಗುವ ನಗೆ.

ವಿಮಾನಶಾಲೆಯ ನಗೆಯೆಲ್ಲವೂ ಈ ಮಟ್ಟದ್ದಲ್ಲ. ವಿಮಾನದ ಪಂಖ ಹಿಂದಕ್ಕೆ ತಳ್ಳುವ ಗಾಳಿಯನ್ನು ಒಂದು ಬಕೀಟಿನಲ್ಲಿ ತುಂಬಿಕೊಂಡು ಬಾರೆಂದು ಹೊಸ ಹುಡುಗನನ್ನು ಅಟ್ಟುವ ಹಳೆಯ ಚೇಷ್ಟೆಯೊಂದುಂಟು. ಬರಿಗೈಯಲ್ಲಿ ಮರಳಿದ ಹುಡುಗನೂ ಕೂಡಿ ನಕ್ಕರೆ ಅವನು ಆ ಬಳಗದವನಾದನು. ನಾಚಿ ಕುಗ್ಗಿದರೆ, ನಾಳೆ ತಿಳಿಯದುದನ್ನು ಕೇಳಲು ಅಂಜುವನು. ಕೇಳದೆ ಉಳಿದ ಆ ಒಂದು ಪ್ರಶ್ನೆಯೇ ಆಕಾಶದಲ್ಲಿ ವೈಮಾನಿಕನ ಪ್ರಾಣಕ್ಕೆ ಎರವಾಗಬಹುದು.

ಕಾರ್ಯಾಗಾರದ ನಗೆಗೆ ಒರೆಗಲ್ಲು ಇದೇ: ಅದನ್ನು ಕೇಳಿದ ಮೇಲೆ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭವಾಯಿತೋ ಕಠಿಣವಾಯಿತೋ? ಸುಲಭವಾಗಿಸಿದ ನಗೆ ಸಹೃದಯರ ಮನ್ನಣೆಗೆ ಅರ್ಹ. ಬಾಯಿಮಾತಿನ ಅಂಥ ನಗೆ, ಬರೆದಿಡದಿದ್ದರೆ, ಹೇಳುವವನೊಡನೆಯೇ ಹೋಗುತ್ತದೆ. ಯಂತ್ರಶಾಲೆಗಳಲ್ಲಿ ದುಡಿದ ಹಿರಿಯರುಳ್ಳ ಮನೆಗಳು ಅದನ್ನು ಕೇಳಿ ಬರೆದಿಟ್ಟರೆ ಕನ್ನಡಕ್ಕೆ ಉಪಕಾರವಾದೀತು.