ಎಂಟರ ಜೋಡಿಗೆ ಎಷ್ಟು ಮಂದಿ ಬೇಕು?

ಪೋಕರ್ ಕಲಿಯೋರ ಫೋನಿನಾಗ ಒಂದು ಪಟ್ಟಿ ಇದ್ದೇ ಇರ್ತದ. ಡೇವಿಡ್ ಸ್ಕ್ಲಾನ್ಸ್ಕಿ ಮತ್ತು ಮೇಸನ್ ಮಾಲ್ಮತ್ 1988ರಲ್ಲಿ ತಂದ 'ಹೋಲ್ಡ್ ಎಮ್ ಪೋಕರ್ ಫಾರ್ ಅಡ್ವಾನ್ಸ್‌ಡ್ ಪ್ಲೇಯರ್ಸ್' ಪುಸ್ತಕದ್ದು. ಕೈಗೆ ಬರುವ ಮೊದಲ ಎರಡು ಎಲೆಗಳನ್ನು ಅದು ಎಂಟು ಗುಂಪು ಮಾಡುತ್ತದೆ. ಹತ್ತರ ಜೋಡಿ ಎರಡನೇ ಗುಂಪು, ಒಂಬತ್ತರದು ಮೂರು, ಎಂಟರದು ನಾಲ್ಕು, ಏಳರದು ಐದು. ನೋಡಲಿಕ್ಕೆ ಛಲೋ ಅದ. ಆದರೆ ಎಷ್ಟು ಮಂದಿ ದುಡ್ಡು ಹಾಕ್ಯಾರ ಅನ್ನೋ ಮುಖ್ಯ ಕಾಲಮ್ಮೇ ಅದರಾಗ ಇಲ್ಲ.

ನಾನು ಭೀಮಾ ದಂಡಿಯ ಸೊನ್ನದವ. ಹಬ್ಬಕ್ಕ ಮೂರೆಲೆ ಆಟ ನೋಡಿ ಬೆಳೆದೋರಿಗೆ ಜೋಡಿ ಅಂದ್ರ ಮುಗಿದ ಮಾತು. ಅಲ್ಲಿ ನೂರು ಸಲಕ್ಕ ಸುಮಾರು 17 ಸಲ ಬರೋ ಕೈ ಅದು, ಮುಂದ ಎಲಿ ಬೀಳಂಗಿಲ್ಲ. ಹೋಲ್ಡ್ ಎಮ್‌ನಾಗ ಇನ್ನೂ ಐದು ಎಲಿ ಬಾಕಿ. ನೀವು ಎಂಟರ ಜೋಡಿ ಹಿಡಿದು ಕೂತಿದ್ದರೆ, ಫ್ಲಾಪ್‌ನಲ್ಲಿ, ಅಂದರೆ ನಡುವೆ ಬೀಳುವ ಮೊದಲ ಮೂರು ಎಲೆಗಳಲ್ಲಿ, ಎಂಟಕ್ಕಿಂತ ದೊಡ್ಡದು ಒಂದಾದರೂ ಬರುವ ಸಾಧ್ಯತೆ ಶೇ 87. ಹತ್ತರ ಜೋಡಿಗೂ ಹತ್ತಿರ ಹತ್ತಿರ ಶೇ 70. ಮೂರನೇ ಎಂಟು ಬಂದು 'ಸೆಟ್' ಆಗೋದು 17 ಸಲಕ್ಕ 2 ಸಲ ಅಷ್ಟೇ.

ಪಟ್ಟಿ ನಂಬಿದವರು ಇಲ್ಲೇ ಎಡವುತ್ತಾರೆ. "ಜೋಡಿ ಅದ, ರೇಸ್ ಮಾಡಿ ಮಂದೀನ ಓಡಿಸ್ತೀನಿ" ಅಂತಾರ. ಬೆಟ್ಟಿನ ಅಳತೆ ಮೊದಲೇ ಗೊತ್ತಿರುವ ಸಣ್ಣ ಲಿಮಿಟ್ ಆಟದಲ್ಲಿ ಯಾರು ಓಡ್ತಾರ್ರೀ? ಒಂದು ಬೆಟ್ ಹಾಕಿ ಕೂತವನು ಇನ್ನೊಂದಕ್ಕೆ ಅಂಜಂಗಿಲ್ಲ. ಐದು ಮಂದಿ ಬರೇ ಕಾಲ್ ಮಾಡಿ ಬಂದಿದ್ದರೆ ನೀವೂ ಒಂದು ಬೆಟ್ ಹಾಕಿ ಒಳಗೆ ಹೋಗಿ. ಸೆಟ್ ಆದರೆ ಐದೂ ಜೇಬಿನಿಂದ ದುಡ್ಡು ಬರ್ತದ. ಕೊನೆಗೆ ಕೂತವರು ಹತ್ತು, ಗುಲಾಮನ ಜೋಡಿಗೆ ರೇಸ್ ಮಾಡೋದು ಬೇರೆ. ಅದು ಓಡಿಸೋಕಲ್ಲ, ದುಡ್ಡು ಕೂಡಿಸೋಕೆ.

ಇನ್ನೊಂದು ಒಳ್ಳೇ ಜಾಗ: ಸಡಿಲ ಕೈಗೂ ರೇಸ್ ಮಾಡುವ ಒಬ್ಬನೇ ಎದುರಿಗಿದ್ದು, ಉಳಿದವರೆಲ್ಲ ಎಲೆ ಕೆಳಗಿಟ್ಟಾಗ. ಆಗ ಒಂಬತ್ತಿಗೂ ಮರು ರೇಸ್ ಸರಿ. ಈ ಜೋಡಿಗಳಿಗೆ ಜಾತ್ರಿಯರ ಬೇಕು, ಇಲ್ಲಾ ಇಬ್ಬರ ಜಗಳರ ಬೇಕು. ಎದುರಿಗೆ ಎರಡು ಮೂರು ಮಂದಿ ಇದ್ದಾಗಲೇ ಹಾಳು: ಸೆಟ್ ಆದರೂ ತುಂಬುವಷ್ಟು ದುಡ್ಡಿಲ್ಲ, ಆಗದಿದ್ದರೆ ಬರೇ ಜೋಡಿ ನಿಲ್ಲಂಗಿಲ್ಲ. ಲಿಮಿಟ್ ಇರೋದರಿಂದ ಮುಂದೆ ದೊಡ್ಡ ಬೆಟ್ ಹಾಕಿ ವಸೂಲಿ ಮಾಡೋದೂ ಆಗದು.

ನ್ಯಾಯವಾಗಿ ಹೇಳಬೇಕಂದ್ರ, ಕೂಡುವ ಜಾಗದ ಬಗ್ಗೆ, ಸಡಿಲ ಆಟದ ಬಗ್ಗೆ ಆ ಪುಸ್ತಕದಾಗ ಬೇಕಾದಷ್ಟು ಅದ. ಪುಟ ಓದೋರು ಕಡಿಮೆ, ಸ್ಕ್ರೀನ್‌ಶಾಟ್ ಹಂಚೋರು ಜಾಸ್ತಿ.

2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಲೈಸೆನ್ಸ್ ಬೇಡ ಎಂದಿತು. 2025ರ ಕೇಂದ್ರ ಕಾಯ್ದೆ ಕೌಶಲವೋ ಅದೃಷ್ಟವೋ ನೋಡದೆ ಆನ್‌ಲೈನ್ ದುಡ್ಡಿನಾಟವನ್ನೇ ನಿಷೇಧಿಸಿತು. ಈಗ ನಾವು ಗೆಳೆಯರು ಹುಣಸೆ ಬೀಜ ಇಟ್ಟು ಆಡ್ತೀವಿ. ಪೋಕರ್‌ನಾಗ ಕೌಶಲ ಎಲ್ಲದ ಅಂತ ಕೇಳಿದೋರಿಗೆ ನಾನು ಎಕ್ಕದ ಜೋಡಿ ತೋರಿಸಂಗಿಲ್ಲ. ಅದನ್ನ ಯಾರು ಬೇಕಾದರೂ ಆಡ್ತಾರ. ಎಂಟರ ಜೋಡಿ ಕೈಯಾಗ ಅದ, ಫ್ಲಾಪ್‌ನಾಗ ರಾಣಿ, ಗುಲಾಮ, ನಾಲ್ಕು ಬಿದ್ದಾವ, ಇಬ್ಬರು ಬೆಟ್ ಹಾಕ್ಯಾರ. ಉಳಿದ 47 ಎಲಿಯಾಗ ನಿಮ್ಮವು ಎರಡೇ. ಕೆಳಗಿಡ್ರಿ.