ಕಟ್ ಮಾಡಿದರೆ ಜಲಪಾತ!

‘ಮುಂಗಾರು ಮಳೆ’ ನನಗೂ ಇಷ್ಟದ ಸಿನಿಮಾನೇ. 2006ರ ಕೊನೆಗೆ ಬಂದ ಯೋಗರಾಜ್ ಭಟ್ಟರ ಈ ಚಿತ್ರದಲ್ಲಿ ಮಳೆಯೂ ಒಂದು ಪಾತ್ರ ಅಂತಾರೆ, ಒಪ್ತೀನಿ. ಆದರೆ ಮೊನ್ನೆ ಹೆಬ್ಬೆ ಜಲಪಾತ ನೋಡಿ ಬಂದಾಗಿನಿಂದ ನನ್ನದೊಂದು ತಕರಾರಿದೆ.

ಎಸ್. ಕೃಷ್ಣ ಅವರ ಕ್ಯಾಮೆರಾ ಜೋಗವನ್ನು ಮೇಲಿಂದ ತೋರಿಸಿದ ರೀತಿ ಅದ್ಭುತ. ಆದರೆ ಹಾಡು ಶುರುವಾದರೆ ಸಾಕು, ಎದುರಿಗೇ ಜಲಪಾತ. ಇಂಬಳವಿಲ್ಲ, ಏದುಸಿರಿಲ್ಲ. ಹಾಡಿಗೆ ದಾರಿ ಯಾಕೆ ಬೇಕು ಅಂತೀರಾ? ಸರಿ, ಹಾಡಿಗೆ ಬೇಡ. ಆದರೆ ಮಲೆನಾಡು ಅಂದರೆ ಬರೀ ಹಸಿರು, ಬರೀ ನೀರು ಅಂತ ನಮ್ಮ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತಲ್ಲ!

ಹೆಬ್ಬೆಗೆ ನಾವು ಹೋಗಿದ್ದು ಕಡೂರಿನ ಒಣ ಬಯಲು, ತೆಂಗಿನ ತೋಟಗಳನ್ನು ದಾಟಿ. ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ, ಆಮೇಲೆ ಕೆಮ್ಮಣ್ಣುಗುಂಡಿ. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಕೊಟ್ಟ ಬೆಟ್ಟವದು. ಅಲ್ಲಿಂದ ಜೀಪಿನಲ್ಲಿ ಕುಲುಕಿ ಕುಲುಕಿ ಮೈಕೈ ನುಗ್ಗು, ಕೊನೆಗೆ ಹಳ್ಳ ದಾಟುತ್ತಾ ನಡಿಗೆ. ಆಮೇಲಷ್ಟೇ 551 ಅಡಿಯ ನೀರು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತದಲ್ಲಿ. ಮಳೆಗೆ ಬಾಯಿಬಿಡುವ ಊರು, ಮಳೆಯಲ್ಲೇ ಮುಳುಗುವ ಕಾಡು ಎರಡೂ ಒಂದೇ ಜಿಲ್ಲೆಯಲ್ಲಿವೆ ಅಂತ ಹೇಳಿದ್ದು ಆ ದಾರಿಯೇ.

ಇಷ್ಟೆಲ್ಲ ಆಗಿಯೂ ನಾನು ಮಾಡಿದ್ದೇನು? ಹದಿನೈದು ಸೆಕೆಂಡಿನ ರೀಲು. ಬರೀ ನೀರು. ಅದನ್ನು ನೋಡಿದ ಗೆಳೆಯ ಕೇಳಿದ: “ಜೋಗಕ್ಕೆ ಹೋಗಿದ್ಯೇನೋ?”

ತಕರಾರು ಸಿನಿಮಾದ ಮೇಲೋ, ನನ್ನ ಮೇಲೋ, ನೀವೇ ಹೇಳಿ.